ಜಗಲಿ ಮಲಗಿದ್ದ ದಿನಗಳು

ನಮ್ಮ ಬೆಟ್ಟದ ವಸತಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ಅವರು ಬಾಗಿಲ ಚಿಲಕಗಳ ಪ್ರಶ್ನೆಯಿಂದಲೇ ಆರಂಭಿಸಬೇಕಾಗುತ್ತದೆ. ನೀರಿನ ಬಗ್ಗೆ ನಾವು ಅಷ್ಟು ಹೊತ್ತು ಚರ್ಚಿಸಿದವರಲ್ಲ. ಗುಡ್ಡಕ್ಕೆ ಬೆಂಕಿ ಬಿದ್ದ ವರ್ಷವೂ ಸಭೆ ಬೇಗ ಮುಗಿದಿತ್ತು. ಆದರೆ ದೂರದ ಯಾವುದೋ ಊರಿನ, ನಾವ್ಯಾರೂ ಮುಖ ನೋಡದ ಮನುಷ್ಯನೊಬ್ಬ ದಿನವೂ ಫೋಟೋ ತೆಗೆದು ಹಂಚುತ್ತಿದ್ದ ಹಳೆಯ ಚಿಲಕಗಳ ಚಿತ್ರಗಳು ನಮ್ಮಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಹಿರಿಯರು, ಕಿರಿಯರು, ಕೆಮ್ಮಿನವರು, ಮಂಡಿನೋವಿನವರು ಎಲ್ಲರೂ ಹಿಟ್ಟಿನ ಗಿರಣಿಯ ಶೆಡ್ಡಿನಲ್ಲಿ ಸೇರಿದೆವು.

ವಿಷಯ ಇಷ್ಟೇ. ನಮ್ಮ ಬೆಟ್ಟಕ್ಕೆ ವಿದ್ಯುತ್ ತಂತಿ ಬಂದಿಲ್ಲ. ಅದು ಬಾರದಿರಲಿ ಎಂದೇ ನಾವು ಅಲ್ಲಿಗೆ ಹೋದದ್ದು. ಬಿಸಿಲು ಕೊಟ್ಟದ್ದನ್ನು ಚಾವಣಿಯ ಫಲಕಗಳು ಹಿಡಿಯುತ್ತವೆ, ಬ್ಯಾಟರಿಗಳು ಕೂಡಿಡುತ್ತವೆ. ನೀರಿನ ಪಂಪು, ಗಿರಣಿ, ಬಡಗಿಯ ಗರಗಸ, ಔಷಧಿಯ ಫ್ರಿಜ್ಜು ಅದನ್ನು ಹಂಚಿಕೊಂಡು ತಿನ್ನುತ್ತವೆ. ಇವುಗಳ ಪಂಕ್ತಿಯಲ್ಲಿ ಕೂತ ಕೊನೆಯ ಅತಿಥಿ ಇಟ್ಟಿಗೆ ಗಾತ್ರದ ಒಂದು ಕಪ್ಪು ಪೆಟ್ಟಿಗೆ, ನಮ್ಮ ಫೋನುಗಳ ಮಾತು, ಚಿತ್ರಗಳನ್ನು ಹಿಡಿದಿಟ್ಟು ಹಂಚುವ ಪುಟ್ಟ ಕಂಪ್ಯೂಟರು. ನಮ್ಮ ಮಾತುಕತೆ ಯಾವ ಕಂಪನಿಯ ಕೈಗೂ ಸಿಗಬಾರದೆಂದು ನಾವೇ ಇಟ್ಟುಕೊಂಡದ್ದು. ಅದಕ್ಕೆ ‘ಜಗಲಿ’ ಎಂದು ಹೆಸರಿಟ್ಟೆವು. ನಮ್ಮಂತೆ ತಂತಿ ಬಿಟ್ಟು ಬದುಕುವ ವಸತಿಗಳು ಬೇರೆ ಕಡೆಯೂ ಇದ್ದವು. ಒಂದೊಂದಕ್ಕೂ ತನ್ನದೇ ಪೆಟ್ಟಿಗೆ, ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ನಡುವೆ ಯಜಮಾನನೆಂಬವನಿಲ್ಲ. ಯಜಮಾನನಿಲ್ಲದ ಮನೆಯಲ್ಲಿ ಪಾತ್ರೆ ತೊಳೆಯುವವರೂ ನಾವೇ ಎಂಬುದು ಹೊಳೆದದ್ದು ಆಮೇಲೆ. ನಮ್ಮವರೊಬ್ಬರು ಹೊರಗಿನ ಯಾರನ್ನಾದರೂ ಹಿಂಬಾಲಿಸಿದರೆ ಸಾಕು, ಅವರು ಹಾಕಿದ್ದೆಲ್ಲ ನಮ್ಮ ಪೆಟ್ಟಿಗೆಗೂ ಬಂದು, ಹೋಗುವ ಮಾತೆತ್ತದ ನೆಂಟರ ಹಾಗೆ ಕಾಲು ಚಾಚಿ ಕೂರುತ್ತಿತ್ತು.

ಬಡಗಿ ಹಿಂಬಾಲಿಸುತ್ತಿದ್ದುದು ಚಿಲಕದವನನ್ನು.

“ಮೋಡ ಕವಿದಿದ್ದು ಬಿಡೋ ಲಕ್ಷಣ ಇಲ್ಲ. ಬ್ಯಾಟರಿಗಳಿಗೆ ಬೇರೆ ವಯಸ್ಸಾಗಿದೆ. ಪಂಪು ಬೇಕಾ, ಜಗಲಿ ಬೇಕಾ, ಹೇಳಿಬಿಡಿ,” ಎಂದಳು ಮೀಟರು. ವಸತಿಯ ವಿದ್ಯುತ್ತನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಅವಳು. ಯಾರ ಮನೆಯಲ್ಲಿ ದೀಪ ವೃಥಾ ಉರಿದರೂ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿದ್ದುದರಿಂದ ಆ ಹೆಸರು.

“ಪೆಟ್ಟಿಗೆ ತಿನ್ನೋದು ಒಂದು ಬಲ್ಬಿನಷ್ಟು ಅಂತ ನೀನೇ ಹೇಳಿದ್ದೆಯಲ್ಲಮ್ಮಾ,” ಎಂದರು ಸಭೆ ನಡೆಸುತ್ತಿದ್ದ ನಿವೃತ್ತ ಮೇಷ್ಟ್ರು.

“ಬಲ್ಬು ಮಲಗುತ್ತೆ ಸಾರ್. ಇದು ಮಲಗಲ್ಲ. ಹಗಲೂ ರಾತ್ರಿ ನೆಕ್ತಾನೇ ಇರುತ್ತೆ. ಮೇಲೆ ಚಾವಣಿ ಮೇಲಿನ ತಟ್ಟೆ ಆಂಟೆನಾ. ಹೊರಗಿನವರ ಜೊತೆ ಮಾತಾಡೋದೇ ಅದು, ಅದರ ಹೊಟ್ಟೆ ಪೆಟ್ಟಿಗೆಗಿಂತ ದೊಡ್ಡದು. ಅದರಲ್ಲೂ ಈ ಚಿಲಕಗಳು…”

“ಚಿಲಕದ ಸುದ್ದಿಗೆ ಬರಬೇಡ,” ಎಂದ ಬಡಗಿ.

“ಯಾಕೆ ಬರಬಾರದು? ಒಂದೊಂದು ಚಿಲಕಕ್ಕೂ ಹತ್ತು ಹತ್ತು ಫೋಟೋ. ಮುಂದಿನಿಂದ, ಹಿಂದಿನಿಂದ, ಮಗ್ಗುಲಿಂದ. ಮದುವೆ ಹೆಣ್ಣಿಗೂ ಇಷ್ಟು ತೆಗೆಯಲ್ಲ.”

“ಅದು ಕೈಗೆಲಸ ಕಣಮ್ಮಾ. ಒಂದು ಮೊಳೆ ಇಲ್ದೆ ನಿಲ್ಲಿಸಿದ್ದಾನೆ ಅದನ್ನ ಮಾಡಿದ ಪುಣ್ಯಾತ್ಮ. ನೋಡಿ ಕಲೀಬೇಕು.”

“ನೋಡಿ ಕಲಿತಿದ್ದು ಸಾಕು. ನಿಮ್ಮನೆ ಬಾಗಿಲಿಗೇ ಚಿಲಕ ಇಲ್ಲ, ಹಗ್ಗ ಕಟ್ಟಿದ್ದೀರಾ.”

ಇದು ನಿಜವಾದ್ದರಿಂದ ಎಲ್ಲರೂ ನಕ್ಕರು. ಬಡಗಿಯ ಮಾತು ಅಲ್ಲಿಗೆ ಬಿದ್ದುಹೋಯಿತು. ಬಿಸಿಲು ಮರಳುವ ತನಕ ಜಗಲಿಯನ್ನು ಪೂರ್ತಿ ಮಲಗಿಸುವುದೆಂದು ಮೇಷ್ಟ್ರು ಸಾರಿದರು.

“ಯಾರಿಗಾದ್ರೂ ಅರ್ಜೆಂಟ್ ಇದ್ರೆ ಈಗಲೇ ಹೇಳಿ. ಆಮೇಲೆ ನನ್ನ ತಲೆ ತಿನ್ನಬೇಡಿ,” ಎಂದು ಮೀಟರು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಮೂಲೆಯಲ್ಲಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ ಚಿಕ್ಕಮ್ಮನ ಹತ್ತಿರ ಒಂದು ಗಳಿಗೆ ಹೆಚ್ಚಿಗೆ ನಿಂತಳು. “ಚಿಕ್ಕಮ್ಮಾ, ನಿಮಗೆ?”

ಚಿಕ್ಕಮ್ಮ ಹಲ್ಲಿನಲ್ಲಿ ದಾರ ಕಡಿದಳು. “ನಂಗ್ಯಾರಿದ್ದಾರೆ ಅರ್ಜೆಂಟ್ ಮಾಡೋಕೆ? ಮಲಗಿಸು.”

ಆ ಸಭೆಯಲ್ಲಿ ಜಗಲಿಯಿಂದ ನಿಜವಾಗಿ ಏನನ್ನಾದರೂ ಕಳೆದುಕೊಳ್ಳಬಹುದಾಗಿದ್ದವಳು ಅವಳೊಬ್ಬಳೇ.

ಅವಳು ವಸತಿಯ ಹೊಲಿಗೆಯವಳು, ಎಲ್ಲರಿಗೂ ಚಿಕ್ಕಮ್ಮ. ತನಗೆ ಹಿಂದೆ ಮುಂದೆ ಯಾರೂ ಇಲ್ಲವೆಂದು ಹೇಳಿಕೊಂಡೇ ಬೆಟ್ಟ ಹತ್ತಿದ್ದಳು. ಇದ್ದವಳು ಒಬ್ಬ ಅಕ್ಕ. ಅಮ್ಮ ತೀರಿಕೊಂಡ ಮೇಲೆ, ಅಕ್ಕ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಅಮ್ಮನ ಹೊಲಿಗೆ ಮಿಷನ್ನನ್ನು ಹೇಳದೆ ಕೇಳದೆ ಗಾಡಿಗೆ ಏರಿಸಿಕೊಂಡು ಬಂದದ್ದೇ ಇಬ್ಬರ ನಡುವೆ ಮಾತು ನಿಲ್ಲಲು ಕಾರಣ. ಅಕ್ಕನೂ ಕೊನೆಗೆ ಹೊಳೆಯ ದಡದಲ್ಲಿದ್ದ ನಮ್ಮಂಥದೇ ಇನ್ನೊಂದು ವಸತಿ ಸೇರಿದ್ದಳು. ಮನುಷ್ಯರು ಮಾತು ಬಿಟ್ಟಿದ್ದರೂ ಪೆಟ್ಟಿಗೆಗಳು ಬಿಟ್ಟಿರಲಿಲ್ಲ. ಹಾಗೆ ಒಂದು ದಿನ ಜಗಲಿಯಲ್ಲಿ ಅಕ್ಕನ ದನಿ ಬಂತು. “ಅದು ಊಟ ಮಾಡ್ತಾ?” ಎಂದಷ್ಟೇ ಕೇಳಿತ್ತು ಆ ದನಿ.

‘ಅದು’ ಎಂದರೆ ಚಿಕ್ಕಮ್ಮ. ತೊಟ್ಟಿಲಲ್ಲಿದ್ದಾಗಿನಿಂದ ಅಕ್ಕ ಅವಳನ್ನು ಕರೆದದ್ದೇ ಹಾಗೆ. ಅದು ಎದ್ದಿತಾ, ಅದು ಅಳ್ತಾ ಇದೆ, ಅದಕ್ಕೆ ಜಡೆ ಹಾಕಬೇಕು. ತಂಗಿಗೆ ತಲೆ ನೆರೆತರೂ ಅಕ್ಕನ ವ್ಯಾಕರಣದಲ್ಲಿ ಅವಳು ‘ಅವಳು’ ಆಗಲೇ ಇಲ್ಲ.

ಆಮೇಲೆ ಇಬ್ಬರೂ ಆಗೀಗ ದನಿ ಕಳಿಸಿಕೊಳ್ಳುತ್ತಿದ್ದರು. ಸಭೆಗೆ ಕೆಲವು ದಿನ ಮುಂಚೆ ಬಂದದ್ದು ಸ್ವಲ್ಪ ಉದ್ದನೆಯದು. “ಹೊಳೆ ದಡ ತಿಂತಾ ಬಂದು ಮನೆ ಬಾಗಿಲಿಗೇ ಬಂದಿದೆ. ಎಲ್ರೂ ಎದ್ದು ಹೋಗ್ತಾ ಇದೀವಿ. ಯಾರೂ ಇಲ್ದೋರನ್ನ ಪೇಟೆ ಕಡೆ ಯಾವುದೋ ಕಟ್ಟಡಕ್ಕೆ ಸೇರಿಸ್ತಾರಂತೆ. ನನ್ನ ಕಣ್ಣು ಮಂಜಾಗಿದೆ. ಅದರ ಹತ್ರ ಜಾಗ ಇದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ ಅನ್ನಲಿ, ಬೇಜಾರಿಲ್ಲ.”

ಚಿಕ್ಕಮ್ಮ ಕೂಡಲೇ ಉತ್ತರಿಸಲಿಲ್ಲ. ಇಷ್ಟು ವರ್ಷ ಕಾಯಿಸಿದವಳು ನಾಲ್ಕು ದಿನ ಕಾಯಲಿ ಎಂದುಕೊಂಡಳು. ಸಭೆಯ ದಿನ ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಫೋನಿಗೆ ಹೇಳಿದಳು: “ಬಾ ಅಕ್ಕ. ಮಿಷನ್ನೂ ಇಲ್ಲೇ ಇದೆ, ಜಾಗಾನೂ ಇದೆ.” ಫೋನು ‘ಟಿಣ್’ ಎಂದಿತು. ಹೋಯಿತು ಎಂದು ಅವಳು ಒಲೆ ಹಚ್ಚಿದಳು.

ಆ ಟಿಣ್ ಎಂಬ ಸದ್ದಿಗೆ ಅರ್ಥ, ಮಾತು ನಮ್ಮ ಪೆಟ್ಟಿಗೆಯನ್ನು ತಲುಪಿತು ಎಂದಷ್ಟೇ. ಅಕ್ಕನನ್ನು ತಲುಪಿತು ಎಂದಲ್ಲ. ಇದನ್ನು ಮೀಟರು ವಸತಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದ್ದಳು. ಪ್ರತಿಯೊಬ್ಬರೂ ತಲೆಯಾಡಿಸಿ ಮರೆತಿದ್ದರು. ಬ್ಯಾಟರಿ ಇಳಿಯುತ್ತಿದೆಯೆಂದು ಹಿಂದಿನ ಸಂಜೆಯೇ ಮೀಟರು ಚಾವಣಿಯ ತಟ್ಟೆಯನ್ನು ಆರಿಸಿದ್ದಳು. ಚಿಕ್ಕಮ್ಮನ ‘ಬಾ’ ಪೆಟ್ಟಿಗೆಯೊಳಗೆ ಹೊರಡಲು ಸಿದ್ಧವಾಗಿ ಕೂತಿತ್ತು. ಸಭೆ ಮುಗಿದ ಮೇಲೆ ಮೀಟರು ಹೋಗಿ ಪೆಟ್ಟಿಗೆಯನ್ನೂ ಆರಿಸಿದಳು.

ಮೋಡ ಸರಿಯಲಿಲ್ಲ. ಜಗಲಿ ಇಲ್ಲದ ವಸತಿ ಮೊದಮೊದಲು ಚಡಪಡಿಸಿತು. ಆಮೇಲೆ ಜನ ಒಬ್ಬರ ಮನೆಗೊಬ್ಬರು ಹೋಗಿ ಎದುರೆದುರೇ ಜಗಳವಾಡಲು ಕಲಿತರು. ಚಿಕ್ಕಮ್ಮ ಮಾತ್ರ ಬಲು ಹುರುಪಿನಲ್ಲಿದ್ದಳು. ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ಹಾಕಿದಳು, ಮಿಷನ್ನನ್ನು ಮೂಲೆಗೆ ಸರಿಸಿದಳು, ಕಿಟಕಿಯ ಪಕ್ಕ ಇನ್ನೊಂದು ಹಾಸಿಗೆ ಹಿಡಿಯುವಷ್ಟು ನೆಲ ತೆರವು ಮಾಡಿದಳು. ಒಂದು ದಿನ ಬಡಗಿಯನ್ನು ಕರೆಸಿ, ಬಾಗಿಲಿನಿಂದ ಬಚ್ಚಲಿನ ತನಕ ಗೋಡೆಗುಂಟ ಒಂದು ಮರದ ಕೋಲು ಕೂರಿಸಿಕೊಡು ಎಂದಳು.

“ಯಾಕೆ?”

“ಬಟ್ಟೆ ನೇತು ಹಾಕೋಕೆ.”

“ಸೊಂಟದ ಎತ್ತರಕ್ಕಾ? ನೆಲಕ್ಕೆ ತಾಗುತ್ತಲ್ಲ.”

“ನಾನು ಹೊಲಿಯೋದೇ ಕುಳ್ಳ ಬಟ್ಟೆ. ನಿಂಗ್ಯಾಕಪ್ಪಾ?”

ಬಡಗಿ ಕೋಲನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ. ಕೂರಿಸಿದ ಮೇಲೆ ಕಣ್ಣು ಮುಚ್ಚಿಕೊಂಡು, ಒಂದು ಕೈ ಅದರ ಮೇಲಿಟ್ಟು, ಬಾಗಿಲಿನಿಂದ ಬಚ್ಚಲಿನವರೆಗೆ ನಡೆದು ನೋಡಿದ. “ಬರೋರಿಗೆ ಇಲ್ಲಿ ಒಂದು ತಿರುವು ಇದೆ ಅಂತ ಹೇಳಬೇಕು ನೀವು,” ಎಂದ. ಚಿಕ್ಕಮ್ಮ ಅವನ ಮುಖ ನೋಡಲಿಲ್ಲ. “ಹೇಳ್ತೀನಿ,” ಎಂದಳು.

ಕೊನೆಗೊಮ್ಮೆ ಬಿಸಿಲು ಬಂತು. ಬ್ಯಾಟರಿಗಳು ತುಂಬಿದ ಮೇಲೆ ಮೀಟರು ಜಗಲಿಯನ್ನು ಎಬ್ಬಿಸಿದಳು. ಬ್ಯಾಟರಿ ಕೋಣೆ ಒಬ್ಬರು ನಿಂತರೆ ತುಂಬುವಂಥದು; ಬಾಗಿಲಲ್ಲಿ ಬಡಗಿ, ಅವನ ಹಿಂದೆ ಚಿಕ್ಕಮ್ಮ. ಏನೂ ಬರಲಿಲ್ಲ. ಚಿಲಕವೂ ಬರಲಿಲ್ಲ.

“ಕೆಟ್ಟೋಯ್ತಾ?” ಎಂದ ಬಡಗಿ.

“ಕೆಟ್ಟಿಲ್ಲ. ಬೇರೆ ಪೆಟ್ಟಿಗೆಗಳು ನಮ್ಮದನ್ನ ಕೂಗಿ ಕೂಗಿ ಸಾಕಾಗಿ, ಇದು ಸತ್ತಿದೆ ಅಂತ ಗುರುತು ಹಾಕ್ಕೊಂಡು ಕೂಗೋದು ಬಿಟ್ಟಿವೆ. ತುಂಬಾ ದಿನ ಉತ್ತರ ಕೊಡದೇ ಇದ್ರೆ ಅವು ಹಾಗೇ ಮಾಡೋದು. ಈಗ ನಾವೇ ಕೂಗಬೇಕು, ಬದುಕಿದ್ದೀವಿ ಅಂತ. ನಮ್ಮ ಕಡೆಯಿಂದ ಹೋಗಬೇಕಾಗಿದ್ದು ಮೊದಲು ಹೋಗಲಿ.” ಮೀಟರು ಪರದೆಯನ್ನು ನೋಡುತ್ತಿದ್ದಳು. “ಚಿಕ್ಕಮ್ಮಾ, ನಿಮ್ಮದೊಂದು ದನಿ ಇದೆ ಇಲ್ಲಿ. ಹೊಳೆ ದಡಕ್ಕೆ. ಹೋಯ್ತು ನೋಡಿ, ಈಗ.”

ಚಿಕ್ಕಮ್ಮನ ಕೈ ಬಡಗಿಯ ಭುಜವನ್ನು ಹಿಡಿಯಿತು.

“ಈಗ ಹೋಯ್ತಾ?”

“ಹೂಂ, ಈಗ.”

“ಅವತ್ತೇ ಟಿಣ್ ಅಂದಿತ್ತಲ್ಲೇ.”

ಮೀಟರು ತಿರುಗಿದಳು. ಟಿಣ್ ಎಂದರೇನೆಂದು ಮತ್ತೊಮ್ಮೆ ವಿವರಿಸಲು ಬಾಯಿ ತೆರೆದವಳು, ಆ ಮುಖ ನೋಡಿ ಮುಚ್ಚಿದಳು.

ಹೊಳೆ ದಡದಿಂದ ಉತ್ತರ ಮಧ್ಯಾಹ್ನವೇ ಬಂತು. ಅಕ್ಕನಿಂದಲ್ಲ, ಅಲ್ಲಿನ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದ ಪಂಪು ರಿಪೇರಿಯವನಿಂದ. ಎಲ್ಲರೂ ಹೋದ ಮೇಲೆ ಸಾಮಾನು ಕಳಚುತ್ತಾ ಅವನೊಬ್ಬನೇ ಉಳಿದಿದ್ದ. ಅವನು ನೇರವಾಗಿ ಮಾತಾಡಲು ಸಿಕ್ಕ.

“ನೀವು ಅಜ್ಜಿಯ ತಂಗೀನಾ? ಅಯ್ಯೋ, ತಂಗಿ ತೀರಿಕೊಂಡ್ರು ಅಂದಿದ್ರಲ್ಲ ಅಜ್ಜಿ!”

“ಯಾರು ಹೇಳಿದ್ದು ತೀರಿಕೊಂಡೆ ಅಂತ?”

“ಗೊತ್ತಿಲ್ಲಮ್ಮಾ. ಅಜ್ಜಿ ದಿನಾ ಬೆಳಿಗ್ಗೆ ಗೋಡೆ ಹಿಡ್ಕೊಂಡು ನನ್ನ ಕೋಣೆಗೆ ಬರೋರು. ‘ಅದು ಏನಾದ್ರೂ ಹೇಳ್ತೇನೋ?’ ಅನ್ನೋರು. ಬೆಟ್ಟದ ಪೆಟ್ಟಿಗೆ ವಿಷಯ ಕೇಳ್ತಿದ್ದಾರೆ ಅಂತ ನಾನು ‘ಇಲ್ಲಜ್ಜಿ, ಅದು ಸುಮ್ನಿದೆ’ ಅನ್ನೋನು. ಒಂದಿನ ಪರದೆ ಮೇಲೆ ಸತ್ತಿದೆ ಅಂತ ಗುರುತು ಬಂತು. ಅವತ್ತು ಕೇಳಿದಾಗ ಇದ್ದಿದ್ದು ಇದ್ದಂಗೆ ಹೇಳಿದೆ, ‘ಅಜ್ಜಿ, ಅದು ಸತ್ತೋಯ್ತು. ಇನ್ನು ಆ ಕಡೆಯಿಂದ ಏನೂ ಬರಲ್ಲ’ ಅಂತ.”



“ಆಮೇಲೆ?” ಎಂದಳು ಚಿಕ್ಕಮ್ಮ.

“ಆಮೇಲೇನು… ‘ನೋವು ತಿಂತಾ?’ ಅಂದ್ರು. ನಾನು, ಬ್ಯಾಟರಿ ಹೋಗಿರಬೇಕು ಅಜ್ಜಿ, ವಯಸ್ಸಾಗಿತ್ತು ಅಂದೆ. ‘ವಯಸ್ಸೇನು, ನನಗಿಂತ ಚಿಕ್ಕದು’ ಅಂದ್ರು. ನಮ್ಮ ಪೆಟ್ಟಿಗೆ ಜೊತೆ ಹೋಲಿಸಿ ಹೇಳ್ತಿದ್ದಾರೆ ಅಂದ್ಕೊಂಡೆ ಕಣಮ್ಮಾ. ತಂಗಿ ಹೋಯ್ತು ಅಂತ ಆಮೇಲೆ ಎಲ್ರಿಗೂ ಹೇಳ್ಕೊಂಡು ಅತ್ರಂತೆ. ನಾನು ಅದಕ್ಕೂ ಇದಕ್ಕೂ ಗಂಟು ಹಾಕಲಿಲ್ಲ. ಮೊದಲನೇ ಗಾಡೀಲೇ ಕಟ್ಟಡಕ್ಕೆ ಹೋದ್ರು.”

ಅವನು ಅಳುತ್ತಿದ್ದಾನೆಂದು ಗೊತ್ತಾಯಿತು. “ಅಳಬೇಡಪ್ಪ,” ಎಂದಳು ಚಿಕ್ಕಮ್ಮ. “ನಿಂದು ಸರಿಯಾಗೇ ಇದೆ. ಅಕ್ಕಂದೇ ವ್ಯಾಕರಣ ತಪ್ಪು.”

ಕಟ್ಟಡ ಯಾವ ಪೇಟೆಯಲ್ಲಿದೆ ಎಂದು ಅವನು ಹೇಳಿದ. ಒಬ್ಬಳೇ ಹೋಗುತ್ತೇನೆಂದ ಚಿಕ್ಕಮ್ಮನ ಹಿಂದೆಯೇ ಮೀಟರೂ ಹೊರಟಳು. ಬಸ್ಸು ಹತ್ತಿದ ಮೇಲೆ ಒಮ್ಮೆ ಮೀಟರು, “ಸಭೇಲಿ ಒಂದು ಮಾತು ಹೇಳಿದ್ರೆ ಇಟ್ಟುಕೊಳ್ತಿದ್ದೆ ಚಿಕ್ಕಮ್ಮಾ. ಪಂಪನ್ನ ಹೇಗೋ ಮಾಡ್ತಿದ್ದೆ,” ಎಂದಳು.

“ಏನಂತ ಹೇಳೋದು? ಯಾರೂ ಇಲ್ಲ ಅಂದಿದ್ದೆನಲ್ಲ, ಒಬ್ಬಳಿದ್ದಾಳೆ ಅಂತಲಾ? ಬಿಡು.”

ಅದು ಉದ್ದ ಓಣಿಯ, ಸುಣ್ಣ ಬಳಿದ ಕಟ್ಟಡ. ಕೋಣೆಗೆರಡು ಮಂಚ, ಮಂಚಕ್ಕೊಂದು ಸ್ಟೂಲು, ಗೋಡೆಯ ತುಂಬ ಪ್ಲಗ್ಗುಗಳು. ಹಗಲು ಹೊತ್ತಿನಲ್ಲೂ ಓಣಿಯ ದೀಪಗಳೆಲ್ಲ ಉರಿಯುತ್ತಿದ್ದವು. ಮೀಟರು ಅಭ್ಯಾಸಬಲದಿಂದ ಎರಡನ್ನು ಆರಿಸಿದಳು. ಯಾರೋ ಬೈದು ಮತ್ತೆ ಹಾಕಿದರು. ಅಕ್ಕ ತುದಿಯ ಕೋಣೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಪಕ್ಕದ ಮಂಚದಲ್ಲಿ ಇನ್ನೊಬ್ಬ ಮುದುಕಿ ದಿಂಬಿಗೆ ಒರಗಿದ್ದಳು. ಅವಳ ಮೂಗಿನಿಂದ ಒಂದು ನಳಿಕೆ ಇಳಿದು, ಮಂಚದ ಕೆಳಗೆ ಗುರ್ ಎನ್ನುತ್ತಿದ್ದ ಯಂತ್ರಕ್ಕೆ ಸೇರಿತ್ತು.

“ಅಕ್ಕಾ.”

“ಯಾರು?”

“ನಾನು.”

“ನಾನು ಅಂದ್ರೆ?”

ಚಿಕ್ಕಮ್ಮ ಮಂಚದ ಹತ್ತಿರ ಬಂದಳು. “ಅದು.”

ಅಕ್ಕ ಕೈ ಚಾಚಿದಳು. ತಂಗಿಯ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಸೂಜಿ ಚುಚ್ಚಿ ಗಟ್ಟಿಯಾದ ಬೆರಳತುದಿಯ ಮೇಲೆ ಹೆಬ್ಬೆರಳಾಡಿಸಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.

“ಸತ್ತೋಯ್ತು ಅಂದ್ರಲ್ಲ!”

“ಸತ್ತಿದ್ದು ಪೆಟ್ಟಿಗೆ ಕಣೇ ಅಕ್ಕ. ನಾನಲ್ಲ.”

“ಹಂಗಾದ್ರೆ ನಾನು ಅತ್ತಿದ್ದೆಲ್ಲ ದಂಡ ಆಯ್ತಲ್ಲೇ,” ಎಂದು ಅಕ್ಕ ಮತ್ತೆ ಅತ್ತಳು.

ಪಕ್ಕದ ಮಂಚದವಳು ಉಸಿರು ಕೂಡಿಸಿಕೊಂಡು ತಂಗಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಸತ್ತೋರು ಇಷ್ಟು ದಪ್ಪ ಇರ್ತಾರಾ? ಇವಳು ಹೇಳಿದ್ದು ಕೇಳಿ ನಾನು ಒಣಕಲು ಕಡ್ಡಿ ಅಂದ್ಕೊಂಡಿದ್ದೆ.” ಹೊಳೆ ದಡದಲ್ಲಿ ದೋಣಿ ನಡೆಸುತ್ತಿದ್ದವಳು ಅವಳು; ಎದೆ ಕೆಟ್ಟು ಹುಟ್ಟು ಕೆಳಗಿಟ್ಟಿದ್ದಳು, ಉಸಿರಿನ ಈ ಯಂತ್ರ ಇಲ್ಲಿಗೆ ಬಂದ ಮೇಲೆ ಹಚ್ಚಿದ್ದು.

ಚಿಕ್ಕಮ್ಮ ಹೇಳಬೇಕಾದದ್ದನ್ನು ಹೇಳಿದಳು. ಜಾಗ ಇದೆ, ಕಿಟಕಿ ಪಕ್ಕ ಹಾಸಿಗೆ ಇದೆ, ಗೋಡೆಗೆ ಕೋಲಿದೆ, ನಡುವೆ ಒಂದು ತಿರುವಿದೆ. ಇವತ್ತೇ ಹೊರಡು.

ಅಕ್ಕ ಕಣ್ಣೊರೆಸಿಕೊಂಡಳು. “ಇವಳಿಗೆ ಮಾತು ಕೊಟ್ಟಿದ್ದೀನಲ್ಲೇ. ಅದು ಹೋಯ್ತು ಅಂತ ಗೊತ್ತಾದ ದಿನ ನನ್ನ ಜೊತೆ ಕೂತಿದ್ದೋಳು ಇವಳೇ. ಒಂದೇ ಕೋಣೆ ಕೊಡಿ ಅಂತ ಇಬ್ಬರೂ ಜಗಳ ಆಡಿ ತಗೊಂಡಿದ್ದು ಇದು. ಇವಳಿಗೆ ಏಳೋಕಾಗಲ್ಲ, ನಂಗೆ ಕಾಣಲ್ಲ. ಇವಳು ಹೇಳ್ತಾಳೆ, ನಾನು ಹೋಗಿ ತರ್ತೀನಿ.”

“ನನ್ನ ನೆಪ ಹೇಳಬೇಡ. ಹೋಗೋದಾದ್ರೆ ಹೋಗು,” ಎಂದಳು ದೋಣಿಯವಳು.

“ನಿಂಗೆ ಮಾತ್ರೆ ಯಾರು ಕೊಡ್ತಾರೆ?”

“ಹೋಗೇ ಸುಮ್ನೆ.”

“ಅವರನ್ನೂ ಕರ್ಕೊಂಡು ಬಾ,” ಎಂದಳು ಚಿಕ್ಕಮ್ಮ ಥಟ್ಟನೆ. “ನಾನು ಮಿಷನ್ ಕೆಳಗೆ ಮಲಗ್ತೀನಿ.” ಹೇಳಿದ ಮೇಲೆ ಅವಳ ಕಣ್ಣು ತಾನಾಗಿಯೇ ಮಂಚದ ಕೆಳಗೆ ಹೋಯಿತು. “ಇದನ್ನ ರಾತ್ರಿ ಹೊತ್ತು ಆರಿಸ್ತೀರಾ?”

“ಇದು ಆರಿದ್ರೆ ನಾನೂ ಆರ್ತೀನಿ ತಾಯಿ.”

ಮೀಟರು ಮಂಡಿಯೂರಿ ಕೂತು ಯಂತ್ರವನ್ನು ಸ್ವಲ್ಪ ತಿರುಗಿಸಿ, ಬೆನ್ನಿಗೆ ಅಂಟಿಸಿದ್ದ, ವಿದ್ಯುತ್ತಿನ ಲೆಕ್ಕ ಬರೆದ ತಗಡನ್ನು ಓದಿದಳು. ಮತ್ತೊಮ್ಮೆ ಓದಿದಳು. ಚಿಲಕಗಳ ಕಾಲದಲ್ಲಿ ಸಭೆಯ ಎದುರು ಗಟ್ಟಿದನಿಯಲ್ಲಿ ಲೆಕ್ಕ ಒಪ್ಪಿಸಿದವಳು ಈಗ ಮೆಲ್ಲಗೆ ಎದ್ದು ನಿಂತಳು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು. ಕಾಣದ ಅಕ್ಕನೂ ಮುಖವನ್ನು ಅತ್ತಲೇ ತಿರುಗಿಸಿದ್ದಳು.

“ಆಗಲ್ವಾ?” ಎಂದಳು ಅಕ್ಕ.

“ಆಗಲ್ಲ ಅಜ್ಜಿ. ಬಿಸಿಲಿರೋವಾಗ ಹೇಗೋ ಎಳೀಬಹುದು. ಮೋಡದ ದಿನ ಒಂದು ರಾತ್ರೀನೂ ದಾಟಲ್ಲ.”

“ಜಗಲಿ ಆರಿಸಿದ್ರೆ?” ಎಂದಳು ಚಿಕ್ಕಮ್ಮ.

“ಜಗಲಿ ಇದರ ಮುಂದೆ ಇರುವೆ, ಚಿಕ್ಕಮ್ಮಾ. ಗಿರಣಿ, ಗರಗಸ, ಪಂಪು ಎಲ್ಲಾ ನಿಲ್ಲಿಸಿದ್ರೂ ಆಗಲ್ಲ.”

ಯಂತ್ರ ಗುರ್ ಎನ್ನುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಓಣಿಗೆ ಹೋಗಿ, ಅಲ್ಲಿ ಕುರ್ಚಿ ಹಾಕಿ ಕೂತಿದ್ದ ಮೇಲ್ವಿಚಾರಕಿಯನ್ನು, ತನಗೂ ಇಲ್ಲೊಂದು ಮಂಚ ಸಿಗುತ್ತದೆಯೇ ಎಂದು ಕೇಳಿದಳು. ಇದು ಹೊಳೆ ನೀರಿನಿಂದ ಎದ್ದು ಬಂದವರಿಗೆ ಮಾತ್ರ ಎಂದಳು ಅವಳು, ಕೆಟ್ಟ ದನಿಯಲ್ಲೇನೂ ಅಲ್ಲ. ಚಿಕ್ಕಮ್ಮ ಒಳಗೆ ಬಂದು, ಅಕ್ಕನ ಪಕ್ಕ ಕೂತು, ಅಕ್ಕನ ಅಂಗಿಯ ತೋಳಿನಲ್ಲಿ ಬಿಚ್ಚಿಹೋಗಿದ್ದ ಹೊಲಿಗೆಯನ್ನು ಹಾಕಲು ಚೀಲದಿಂದ ಸೂಜಿ ತೆಗೆದಳು.

“ಏನು ಮಾಡ್ತಾ ಇದೆ ಅದು?” ಎಂದು ಅಕ್ಕ ದೋಣಿಯವಳನ್ನು ಕೇಳಿದಳು.

“ಹೊಲೀತಾ ಇದೆ.”

“ಚುಚ್ಚುತ್ತೇನೋ ನೋಡೇ. ಚಿಕ್ಕಂದಿನಲ್ಲೂ ಹಿಂಗೇ, ಮೈಮೇಲೇ ಇಟ್ಟು ಹೊಲಿಯೋದು.”

“ಅಲ್ಲಾಡಬೇಡ,” ಎಂದಳು ತಂಗಿ.

ಬೆಟ್ಟದ ಕಡೆಗೆ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಮೀಟರು ಬಂದು ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಅವಳು ಅಕ್ಕನ ಫೋನನ್ನು ಬೆಟ್ಟದ ಜಗಲಿಗೆ ಸೇರಿಸಿಕೊಟ್ಟಿದ್ದಳು. ಒತ್ತಬೇಕಾದ್ದನ್ನು ಒತ್ತುವುದು ದೋಣಿಯವಳ ಕೆಲಸವೆಂದು ನಿಗದಿಯಾಯಿತು. ಟಿಣ್ ಎಂದರೆ ಏನೆಂದು ಇಬ್ಬರು ಮುದುಕಿಯರಿಗೂ ನಿಧಾನವಾಗಿ ಹೇಳಿದ್ದಳು. ಇಬ್ಬರೂ ತಲೆಯಾಡಿಸಿದ್ದರು.

ಅಕ್ಕ ಬರಲಿಲ್ಲ. ಚಿಕ್ಕಮ್ಮ ಮೀಟರಿನ ಜೊತೆ ಬೆಟ್ಟಕ್ಕೆ ಹಿಂತಿರುಗಿದಳು. ಮುಂದಿನ ಸಭೆ, ಎಂಥ ಮೋಡವಿದ್ದರೂ ಜಗಲಿಯನ್ನೂ ತಟ್ಟೆಯನ್ನೂ ದಿನಕ್ಕೊಂದು ಹೊತ್ತು, ನಡುಮಧ್ಯಾಹ್ನ, ಎಬ್ಬಿಸಬೇಕೆಂದು ತೀರ್ಮಾನಿಸಿತು.